ಓದುಗರೇ ದಾರಿ ಆರಿಸುವ ಕಥೆ: ನಾನು ಬರೆಯುವುದು ಹೀಗೆ

ಕಥೆ ಒಂದು ಕಡೆ ನಿಂತು ‘ಈಗ ಏನ್ ಮಾಡ್ತೀರಿ?’ ಎಂದು ಕೇಳಬೇಕು, ಓದುಗರು ಒತ್ತಿದ ಕಡೆಗೆ ಹೊರಳಬೇಕು. ಇಂಥದ್ದನ್ನು ಬರೆಯೋಕೆ ಯಾವ ಟೂಲ್ ಒಳ್ಳೇದು ಅಂತ ಕೇಳಿದವರಿಗೆಲ್ಲ ನಾನು ಹೇಳುವುದು: ಮೊದಲು ಟ್ವೈನ್ ತೆರೆಯಿರಿ. ಕ್ರಿಸ್ ಕ್ಲೈಮಸ್ 2009ರಲ್ಲಿ ಹೊರತಂದದ್ದು. ಉಚಿತ, ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ. ಕಥೆಯ ಒಂದೊಂದು ತುಂಡೂ ಪರದೆಯ ಮೇಲೆ ಒಂದು ಚೌಕ. ಅದಕ್ಕೆ ಪ್ಯಾಸೇಜ್ ಅಂತಾರೆ. ದಾರಿ ಹಾಕಲು ಇಷ್ಟು ಸಾಕು:

[[ಪತ್ರ ಒಡೆದು ಓದು->ಒಡೆದ ಪತ್ರ]]

ಬಾಣದ ಎಡಕ್ಕಿರುವುದು ಓದುಗರಿಗೆ ಕಾಣುವ ಮಾತು, ಬಲಕ್ಕಿರುವುದು ಮುಂದಿನ ಪ್ಯಾಸೇಜಿನ ಹೆಸರು. ಆ ಹೆಸರಿನ ಚೌಕ ಇಲ್ಲದಿದ್ದರೆ ಟ್ವೈನ್ ತಾನೇ ಮಾಡಿಕೊಡುತ್ತದೆ.

ಇಷ್ಟು ಸುಲಭವಾದ್ದರಿಂದಲೇ ಕವಲು ಒಡೆಸುವ ಆಸೆ ಹತ್ತುತ್ತದೆ. ಲೆಕ್ಕ ಹಾಕಿ ನೋಡಿ. ಪ್ರತಿ ಸಲ ಎರಡೇ ಆಯ್ಕೆ, ಹತ್ತು ಸಲ ಕವಲು ಅಂದ್ರೂ 1,024 ಮುಕ್ತಾಯ ಬರೆಯಬೇಕು. ಒಬ್ಬ ಓದುಗ ನೋಡುವುದು ಅದರಲ್ಲಿ ಒಂದನ್ನು! ಹಾಗಾಗಿ ನಾನು ಕವಲುಗಳನ್ನು ಬೇಗ ಒಂದೇ ಕಡೆ ತಂದು ಕೂಡಿಸುತ್ತೇನೆ, ಆದರೆ ಯಾರು ಯಾವ ದಾರಿಯಲ್ಲಿ ಬಂದರು ಅನ್ನೋದನ್ನು ಕಥೆ ನೆನಪಿಟ್ಟುಕೊಳ್ಳುವಂತೆ ಮಾಡುತ್ತೇನೆ.

ನನ್ನ ಒಂದು ಕಥೆಯಲ್ಲಿ ಅಕ್ಕನ ಹೆಸರಿಗೆ ಬಂದ ಪತ್ರ ತಂಗಿಯ ಕೈಗೆ ಸಿಗುತ್ತದೆ. ಒಡೆದು ಓದಬಹುದು, ಬಚ್ಚಿಡಬಹುದು, ಮೇಜಿನ ಮೇಲೆ ಸುಮ್ನೆ ಬಿಡಬಹುದು. ಮೂರೂ ದಾರಿ ಒಂದೇ ಪ್ಯಾಸೇಜಿಗೆ ಬರುತ್ತವೆ: ಸಂಜೆ ಅಕ್ಕ ಮನೆಗೆ ಬರುತ್ತಾಳೆ. ಒಡೆದಿದ್ದರೆ ಲಕೋಟೆಯ ಹರಿದ ಅಂಚನ್ನೇ ನೋಡುತ್ತಾ ನಿಲ್ಲುತ್ತಾಳೆ. ಬಚ್ಚಿಟ್ಟಿದ್ದರೆ ‘ನಂಗೇನಾದ್ರೂ ಬಂತೇನೇ?’ ಅನ್ನುತ್ತಾಳೆ. ಮೇಜಿನ ಮೇಲೆ ಬಿಟ್ಟಿದ್ದರೆ ಮಾತಿಲ್ಲದೆ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಬದಲಾಗುವುದು ಒಂದೇ ಸಾಲು. ಆದರೂ ಓದುಗರಿಗೆ ತಾವು ಮಾಡಿದ್ದು ಲೆಕ್ಕಕ್ಕೆ ಬಂತು ಅನಿಸುತ್ತದೆ. ಇದಕ್ಕೆ ಬೇಕಾದದ್ದು ಒಂದು ವೇರಿಯಬಲ್ (ಓದುಗರ ಆಯ್ಕೆಯನ್ನು ನೆನಪಿಡುವ ಹೆಸರು), ಒಂದು ‘ಇಫ್’ (‘ಹೀಗಾಗಿದ್ದರೆ ಈ ಸಾಲು ತೋರಿಸು’ ಎನ್ನುವ ಷರತ್ತು), ಅಷ್ಟೇ.

ಟ್ವೈನ್‌ನಲ್ಲಿ ಈ ‘ಇಫ್’ ಬರೆಯುವ ರೀತಿ ನೀವು ಆರಿಸುವ ಸ್ಟೋರಿ ಫಾರ್ಮ್ಯಾಟ್ ಮೇಲೆ, ಅಂದ್ರೆ ಕಥೆಯ ನೋಟವನ್ನೂ ಕೋಡ್ ಬರೆಯುವ ರೀತಿಯನ್ನೂ ತೀರ್ಮಾನಿಸುವ ಅಚ್ಚಿನ ಮೇಲೆ, ನಿಂತಿದೆ. ತಾನಾಗಿ ಬರುವುದು ಹಾರ್ಲೋ, ಹೊಸಬರಿಗೆ ಅದೇ ಸರಿ. ಕಥೆ ಉದ್ದ ಇದ್ದರೆ ನಾನು ಶುಗರ್‌ಕ್ಯೂಬ್ ಹಿಡಿಯುತ್ತೇನೆ. ಓದುಗರು ನಿಲ್ಲಿಸಿದಲ್ಲಿ ಸೇವ್ ಮಾಡಿಕೊಳ್ಳುವ ಮೆನು ಅದರಲ್ಲೇ ಇದೆ. ಅರ್ಧ ಬರೆದ ಮೇಲೆ ಫಾರ್ಮ್ಯಾಟ್ ಬದಲಿಸಿದರೆ ಕೋಡನ್ನೆಲ್ಲ ತಿದ್ದಬೇಕಾಗುತ್ತದೆ, ಶುರುವಿನಲ್ಲೇ ಯೋಚಿಸಿ. ಮತ್ತೆ, ಕನ್ನಡಕ್ಕೆ ಸ್ಟೈಲ್‌ಶೀಟಿನಲ್ಲಿ (ಕಥೆಯ ನೋಟವನ್ನು ಹೊಂದಿಸುವ ಕಡೆ) ಸಾಲುಗಳ ನಡುವಿನ ಅಂತರ 1.8ಕ್ಕೆ ಏರಿಸಿ. ಇಲ್ಲದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ಇಕ್ಕಟ್ಟಾಗುತ್ತವೆ.

ಮಾತುಕತೆ ಜಾಸ್ತಿ ಇರುವ ಕಥೆಗೆ ನನ್ನ ಇಷ್ಟ ಇಂಕ್ ಎಂಬ ಇನ್ನೊಂದು ಟೂಲ್. ಇಂಕಲ್ ಸಂಸ್ಥೆ 2016ರಲ್ಲಿ ಓಪನ್ ಸೋರ್ಸ್ ಮಾಡಿತು. ಚೌಕಗಳಿಲ್ಲ, ನಕ್ಷೆ ಇಲ್ಲ, ಬರೀ ಪಠ್ಯ. ಸಾಲಿನ ಮೊದಲು * ಹಾಕಿದರೆ ಆ ಆಯ್ಕೆ ಒಮ್ಮೆ ಮಾತ್ರ ಸಿಗುತ್ತದೆ, + ಹಾಕಿದರೆ ಮತ್ತೆ ಮತ್ತೆ ಸಿಗುತ್ತದೆ:

* [ಪತ್ರದ ವಿಷಯ ಎತ್ತು]
+ [ಸುಮ್ಮನಿರು]

ಒಮ್ಮೆ ಬಾಯಿಬಿಟ್ಟ ಮಾತು ಪಟ್ಟಿಯಿಂದ ತಾನೇ ಮಾಯ. ಸುಮ್ಮನಿರುವುದು ಮಾತ್ರ ಯಾವಾಗಲೂ ಕೈಯಲ್ಲಿರುತ್ತದೆ. ಸಂಭಾಷಣೆ ನಡೆಯುವುದೂ ಹೀಗೇ ಅಲ್ವಾ? ಇಂಕಿ ಎಂಬ ಎಡಿಟರಿನಲ್ಲಿ ಎಡಕ್ಕೆ ಬರೆಯುತ್ತಾ ಬಲಕ್ಕೆ ಆಡಿ ನೋಡಬಹುದು. ಚಾಯ್ಸ್‌ಸ್ಕ್ರಿಪ್ಟ್ ಅಂತ ಇನ್ನೊಂದಿದೆ. ನಾಯಕನ ಗುಣಗಳಿಗೆ ಅಂಕ ಕೊಡುತ್ತಾ ಹೋಗುವ ದೊಡ್ಡ ಕಥೆಗಳಿಗೆ ಒಳ್ಳೆಯದು, ಆದರೆ ಮಾರುವುದಿದ್ದರೆ ಅವರ ಲೈಸೆನ್ಸ್ ಬೇಕು. ನನಗೆ ಅದು ಒಗ್ಗಲಿಲ್ಲ.

ಬರೆದದ್ದನ್ನು ಕಾಪಾಡಿಕೊಳ್ಳುವ ಮಾತು. ಟ್ವೈನ್ ಅನ್ನು ಬ್ರೌಸರಿನಲ್ಲೇ ಬಳಸಿದರೆ ಕಥೆ ಕೂರುವುದು ಬ್ರೌಸರಿನ ಸಂಗ್ರಹದಲ್ಲಿ. ಅದನ್ನು ಅಳಿಸಿದರೆ ಕಥೆಯೂ ಹೋಯಿತು. ನಾನು ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಿದ ಟ್ವೈನ್‌ನಲ್ಲೇ ಬರೆಯುತ್ತೇನೆ, ದಿನದ ಕೆಲಸ ಮುಗಿದ ಮೇಲೆ ಇನ್ನೊಂದು ಕಡೆ ಪ್ರತಿ ಇಡುತ್ತೇನೆ.

ಹಂಚುವುದು ಸುಲಭ. ಟ್ವೈನ್ ಇಡೀ ಕಥೆಯನ್ನು ಒಂದೇ ಎಚ್‌ಟಿಎಂಎಲ್ ಫೈಲ್ ಮಾಡಿ ಕೊಡುತ್ತದೆ. ಚಿತ್ರಗಳನ್ನು ಬೇರೆ ಫೈಲಾಗಿ ಇಟ್ಟಿದ್ದರೆ ಅವು ಮಾತ್ರ ಜೊತೆಗೆ ಬರುವುದಿಲ್ಲ. ಇಮೇಲಿನಲ್ಲಿ ಕಳಿಸಬಹುದು, ಆದರೆ ಫೋನಿನಲ್ಲಿ ಇಂಥ ಫೈಲ್ ತೆರೆಯಲು ಕೆಲವರು ಒದ್ದಾಡುತ್ತಾರೆ. ಲಿಂಕ್ ಕೊಡುವುದೇ ವಾಸಿ. ನಾನು ಗೇಮ್‌ಗಳನ್ನೂ ಇಂಥ ಕಥೆಗಳನ್ನೂ ಹಂಚುವ ಇಚ್ ಡಾಟ್ ಐಒ (itch.io) ತಾಣದಲ್ಲಿ ಹಾಕುತ್ತೇನೆ. ಕಥೆಯ ಫೈಲಿಗೆ ‘index.html’ ಅಂತ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೆಸರಿಟ್ಟು, ಚಿತ್ರಗಳ ಜೊತೆ ಜಿಪ್ ಮಾಡಿ ಏರಿಸಿ, ಬ್ರೌಸರಿನಲ್ಲಿ ಆಡುವಂಥದ್ದು ಎಂದು ಗುರುತು ಹಾಕಿದರೆ ಆಯಿತು.

ಎಲ್ಲರಿಗೂ ತೆರೆಯುವ ಮೊದಲು ಒಬ್ಬರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಆಡಿಸುತ್ತೇನೆ. ನಾನು ಬಾಯಿ ಬಿಡುವುದಿಲ್ಲ, ಅವರ ಬೆರಳು ಎಲ್ಲಿ ತಡೆಯುತ್ತದೆ ಅಂತ ಮಾತ್ರ ನೋಡುತ್ತೇನೆ. ಎರಡು ಆಯ್ಕೆ ಒಂದೇ ಥರ ಕಂಡರೆ ಬೆರಳು ಅಲ್ಲೇ ಸುತ್ತಾಡುತ್ತದೆ. ಅಂಥ ಜಾಗದಲ್ಲಿ ನಾನು ಹೊಸ ಆಯ್ಕೆ ಸೇರಿಸುವುದಿಲ್ಲ, ಒಂದನ್ನು ಕಿತ್ತು ಹಾಕುತ್ತೇನೆ.