ಕ್ರೀಮಿನ ಡಬ್ಬಿಯ ಹಿಂಬದಿಯನ್ನು ಓದುವುದು ಹೇಗೆ?

ಮುಖಕ್ಕೆ ಹಚ್ಚುವ ಕ್ರೀಮ್ ಕೊಳ್ಳುವಾಗ ನಾವು ಸಾಮಾನ್ಯವಾಗಿ ನೋಡುವುದು ಡಬ್ಬಿಯ ಮುಂಭಾಗವನ್ನು. ಕೇಸರಿ, ಲೋಳೆಸರ, ಬಾದಾಮಿಯ ಚಿತ್ರಗಳಿರುವುದು ಅಲ್ಲಿಯೇ. ಕಾನೂನಿನ ಪ್ರಕಾರ ಮುದ್ರಿಸಲೇಬೇಕಾದ ವಿವರಗಳು ಹಿಂಬದಿಯಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕದಾದ ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತವೆ. ಈಚಿನ ವರ್ಷಗಳಲ್ಲಿ ಆ ಪಟ್ಟಿಯನ್ನು ಓದುವವರು ಹೆಚ್ಚಾಗಿದ್ದಾರಾದರೂ ಬಹುತೇಕರು ಹುಡುಕುವುದು ಸರಕು ಕೆಡದಂತೆ ಕಾಯುವ ಪ್ಯಾರಬೆನ್, ನೊರೆ ಬರಿಸುವ ಸಲ್ಫೇಟ್ ಎಂಬ ಎರಡು ಮೂರು ಹೆಸರುಗಳನ್ನಷ್ಟೇ. ಹುಡುಕಾಟ ಬೇರೊಂದು ಕಡೆಯಿಂದ ಆರಂಭವಾಗಬೇಕು ಎಂಬುದು ಈ ಲೇಖಕಿಯ ಅಭಿಪ್ರಾಯ. ಏಕೆಂದರೆ ಬಿಳುಪಿನ ಆಸೆಗೆ ಹಚ್ಚಿಕೊಂಡವರಿಗೆ ನಿಜವಾಗಿ ಕೇಡು ಮಾಡಿರುವ ಎರಡು ವಸ್ತುಗಳಲ್ಲಿ ಒಂದರ ಹೆಸರು ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಇನ್ನೊಂದರ ಹೆಸರು ಟ್ಯೂಬಿನ ಮೇಲೆ ಸ್ಪಷ್ಟವಾಗಿ ಇದ್ದರೂ ಅದು ಔಷಧವೆಂಬುದು ಕೊಂಡವರಿಗೆ ತಿಳಿದಿರುವುದಿಲ್ಲ.

ಅಕ್ಷರಗಳು ಕಣ್ಣಿಗೆ ನಿಲುಕದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಚಿತ್ರ ತೆಗೆದು ಹಿಗ್ಗಿಸಿ ಓದಬಹುದು. ಆ ಚಿತ್ರವನ್ನು ಅಳಿಸದೆ ಇಟ್ಟುಕೊಳ್ಳಿ, ಮುಂದೆ ಅದರ ಅಗತ್ಯ ಬೀಳಬಹುದು.

ಮೊದಲ ಹೆಜ್ಜೆ: ಮಾಡಿದವರು ಯಾರೆಂದು ನೋಡಿ

ಪದಾರ್ಥಗಳ ಪಟ್ಟಿಗೆ ಹೋಗುವ ಮುನ್ನ ತಯಾರಕರ ಹೆಸರು, ಪೂರ್ಣ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕಾ ಪರವಾನಗಿ ಸಂಖ್ಯೆ, ಯಾವ ತಿಂಗಳೊಳಗೆ ಬಳಸಬೇಕೆಂಬ ಸೂಚನೆ ಇವೆಯೇ ಎಂದು ಪರೀಕ್ಷಿಸಿ. ನಮ್ಮ ದೇಶದಲ್ಲಿ ಸೌಂದರ್ಯವರ್ಧಕಗಳಿಗೆ ಅನ್ವಯವಾಗುವುದು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಹಾಗೂ ಅದರ ಅಡಿಯಲ್ಲಿ ಬಂದ 2020ರ ಸೌಂದರ್ಯವರ್ಧಕ ನಿಯಮಗಳು. ವಿದೇಶದಿಂದ ಬಂದ ಸರಕಾದರೆ ಆಮದುದಾರರ ಹೆಸರು, ವಿಳಾಸ ಮತ್ತು ಕೇಂದ್ರದ ನೋಂದಣಿ ಸಂಖ್ಯೆ ಇರಬೇಕು. ಕೊಲ್ಲಿ ದೇಶದಿಂದ ಬಂದ ನೆಂಟರು ತಂದುಕೊಟ್ಟ, ಬ್ಯೂಟಿ ಪಾರ್ಲರಿನಲ್ಲಿ ಖಾಲಿ ಡಬ್ಬಿಗೆ ತುಂಬಿಸಿ ಕೊಟ್ಟ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾರಾಟಕ್ಕೆ ಬಂದ ಕ್ರೀಮುಗಳಲ್ಲಿ ಈ ವಿವರಗಳು ಎಷ್ಟೋ ಸಲ ಇರುವುದಿಲ್ಲ. ಅಂಥದ್ದನ್ನು ಅಲ್ಲಿಗೇ ಬಿಡುವುದು ಲೇಸು, ಅದರ ಪಟ್ಟಿಯನ್ನು ಓದುವ ಶ್ರಮವೂ ಬೇಡ.

ಇಷ್ಟು ಖಂಡಿತವಾಗಿ ಹೇಳಲು ಕಾರಣ ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನನ್ನು ತಯಾರಿಸಲು ಬೇಕಾದ ಟೈರೊಸಿನೇಸ್ ಎಂಬ ಕಿಣ್ವವನ್ನು ಪಾದರಸ ತಡೆಯುತ್ತದೆ. ಹೀಗಾಗಿ ಅದನ್ನು ಬೆರೆಸಿದ ಕ್ರೀಮು ಕೆಲವೇ ದಿನಗಳಲ್ಲಿ ಮುಖವನ್ನು ಬೆಳ್ಳಗೆ ಮಾಡಿ ತೋರಿಸುತ್ತದೆ. ಅದೇ ಪಾದರಸ ಚರ್ಮದ ಮೂಲಕ ರಕ್ತಕ್ಕೆ ಇಳಿದು ಮೂತ್ರಪಿಂಡದ ಸೋಸುವ ಪೊರೆಗೆ ಹಾನಿ ಮಾಡುತ್ತದೆ. ಪ್ರೋಟೀನು ಮೂತ್ರದಲ್ಲಿ ಸೋರಿಹೋಗಿ, ಮೂತ್ರ ನೊರೆನೊರೆಯಾಗುತ್ತದೆ, ಕಾಲು ಬಾತುಕೊಳ್ಳುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಇಂಥ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ಕಂಡರು. ಅವರಲ್ಲಿ 15 ಮಂದಿಗೆ ಸಾಮಾನ್ಯವಾಗಿ ವಿರಳವಾದ ನೆಲ್-1 ಎಂಬ ಬಗೆಯ ಕಾಯಿಲೆ ಇದ್ದುದು, ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಬಳಸುತ್ತಿದ್ದುದು ತಿಳಿದುಬಂತು. ಕ್ರೀಮ್ ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

ಕಣ್ಣಿನ ಸುತ್ತ ಬಳಸುವಂಥವನ್ನು ಬಿಟ್ಟು ಉಳಿದ ಸೌಂದರ್ಯವರ್ಧಕಗಳಲ್ಲಿ ಆಕಸ್ಮಿಕವಾಗಿ ಸೇರಿಕೊಂಡ ಪಾದರಸವೂ ಹತ್ತು ಲಕ್ಷ ಭಾಗಕ್ಕೆ 1 ಭಾಗವನ್ನು, ಎಂದರೆ ಒಂದು ಕಿಲೋ ಕ್ರೀಮಿಗೆ ಒಂದು ಮಿಲಿಗ್ರಾಂ ಅನ್ನು ಮೀರಬಾರದೆಂದು ನಮ್ಮ ನಿಯಮ ಹೇಳುತ್ತದೆ. ಪಾದರಸದ ಬಳಕೆಯನ್ನು ತಗ್ಗಿಸಲು ದೇಶಗಳು ಮಾಡಿಕೊಂಡಿರುವ, ಭಾರತವೂ ಸದಸ್ಯನಾಗಿರುವ ಮಿನಮಾಟ ಒಪ್ಪಂದದ 2023ರ ಸಭೆಯು ಆ ಒಪ್ಪಂದದಲ್ಲಿದ್ದ ಇಂಥದೇ ಮಿತಿಯನ್ನೂ ತೆಗೆದುಹಾಕಿ, ಪಾದರಸ ಬೆರೆಸಿದ ಯಾವ ಸೌಂದರ್ಯವರ್ಧಕವೂ 2025ರ ನಂತರ ಇರಕೂಡದೆಂದು ತೀರ್ಮಾನಿಸಿತು. ಬೆರೆಸುವವರು ಅದನ್ನು ಪಟ್ಟಿಯಲ್ಲಿ ಬರೆಯುತ್ತಾರೆಂದು ನಿರೀಕ್ಷಿಸುವಂತಿಲ್ಲ. ಅಪರೂಪಕ್ಕೆ ಬರೆದರೂ ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಅಮೋನಿಯೇಟೆಡ್ ಮರ್ಕ್ಯುರಿ ಎಂಬ ಹೆಸರುಗಳಲ್ಲಿರುತ್ತದೆ. ಇದಕ್ಕಿಂತ ಒಳ್ಳೆಯ ಸುಳಿವು ಬಳಕೆಯ ಸೂಚನೆಯಲ್ಲಿ ಸಿಗುವುದುಂಟು: ‘ಚಿನ್ನ, ಬೆಳ್ಳಿಯ ಆಭರಣಗಳಿಗೆ ತಾಗಿಸಬೇಡಿ’ ಎಂಬ ಮಾತು ಇದ್ದರೆ ಸಂಶಯಪಡಿ. ಪಾದರಸ ಮುಟ್ಟಿದ ಚಿನ್ನ ಬೆಳ್ಳಗಾಗುವುದನ್ನು ಯಾವ ಅಕ್ಕಸಾಲಿಗನನ್ನು ಕೇಳಿದರೂ ಹೇಳುತ್ತಾನೆ.

ಎರಡನೆಯ ಹೆಜ್ಜೆ: ಅದು ಕ್ರೀಮೋ ಔಷಧವೋ ತಿಳಿಯಿರಿ

ಮೆಡಿಕಲ್ ಶಾಪಿನಲ್ಲಿ ‘ಮುಖದ ಕಲೆಗೆ ಏನಾದರೂ ಕೊಡಿ’ ಎಂದು ಕೇಳಿದಾಗ ಸಿಗುವ ಸಣ್ಣ ಟ್ಯೂಬನ್ನು ತಿರುಗಿಸಿ ನೋಡಿ. ಅದರ ಎಡಬದಿಯಲ್ಲಿ ಉದ್ದಕ್ಕೂ ಕೆಂಪು ಗೆರೆ, ಆರ್‌ಎಕ್ಸ್ ಎಂಬ ಗುರುತು, ಷೆಡ್ಯೂಲ್ ಎಚ್ ಔಷಧವೆಂಬ ಎಚ್ಚರಿಕೆ ಇದ್ದರೆ ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ. ಗುರುತು ಸರಿಯಾಗಿ ಕಾಣದಿದ್ದರೆ ಇನ್ನೊಂದು ಉಪಾಯವಿದೆ. ಸೌಂದರ್ಯವರ್ಧಕದಲ್ಲಿ ಪದಾರ್ಥಗಳ ಹೆಸರುಗಳಷ್ಟೇ ಸಾಲಾಗಿ ಇರುತ್ತವೆ. ಔಷಧದಲ್ಲಿ ಸಾಮಾನ್ಯವಾಗಿ ಒಂದೊಂದು ಹೆಸರಿನ ಮುಂದೆಯೂ ಐ.ಪಿ. (ಇಂಡಿಯನ್ ಫಾರ್ಮಕೋಪಿಯ, ಎಂದರೆ ಔಷಧಗಳ ಗುಣಮಟ್ಟದ ಸರ್ಕಾರಿ ಗ್ರಂಥ) ಎಂಬ ಎರಡಕ್ಷರ ಮತ್ತು 0.1%, 2% ಎಂಬಂಥ ಪ್ರಮಾಣ ಇರುತ್ತದೆ.

ಇಲ್ಲಿ ಹುಡುಕಬೇಕಾದುದು ಸ್ಟೀರಾಯ್ಡ್‌ಗಳನ್ನು. ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್, ಫ್ಲುಒಸಿನೊಲೋನ್ ಎಂಬವು ಅವುಗಳ ಸಾಮಾನ್ಯ ಹೆಸರುಗಳು. ಹೈಡ್ರೊಕ್ವಿನೋನ್ ಮತ್ತು ಟ್ರೆಟಿನಾಯಿನ್ ಜೊತೆಗೆ ಒಂದು ಸ್ಟೀರಾಯ್ಡ್ ಸೇರಿಸಿದ ಮೂರರ ಮಿಶ್ರಣವನ್ನು ಚರ್ಮವೈದ್ಯರು ಬಂಗು ಎಂಬ ಮುಖದ ಕಂದು ಕಲೆಗೆ ಕೆಲವು ವಾರಗಳ ಮಟ್ಟಿಗೆ ಬರೆದುಕೊಡುವುದುಂಟು. ಅದನ್ನೇ ಪೌಡರ್ ಹಚ್ಚಿದಂತೆ ತಿಂಗಳಾನುಗಟ್ಟಲೆ ಹಚ್ಚಿಕೊಂಡಾಗ ತೊಂದರೆ ಶುರುವಾಗುತ್ತದೆ. ಮೊದಲು ಮುಖ ತಿಳಿಯಾಗಿ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಒಳಗಿನ ಸೂಕ್ಷ್ಮ ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತವೆ, ಹೆಂಗಸರ ಕೆನ್ನೆಯ ಮೇಲೆ ಕೂದಲು ಮೂಡುತ್ತದೆ. ಬಿಟ್ಟರೆ ಉರಿ, ಕೆಂಪು. ಆ ಉರಿಗೆ ಹೆದರಿ ಮತ್ತೆ ಅದೇ ಟ್ಯೂಬು. ಹುಳುಕಡ್ಡಿಗೆ ಇಂಥ ಮಿಶ್ರಣ ಹಚ್ಚುವವರಿಗೆ ತುರಿಕೆ ತಾತ್ಕಾಲಿಕವಾಗಿ ನಿಲ್ಲುತ್ತದೆ, ಆದರೆ ಶಿಲೀಂಧ್ರವು ಒಳಗೊಳಗೇ ಹರಡಿಕೊಳ್ಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳಿಗಿದ್ದ ವಿನಾಯಿತಿಯನ್ನು ತೆಗೆದು, 14 ಬಗೆಯವನ್ನು ಚೀಟಿಯಿಲ್ಲದೆ ಮಾರಕೂಡದೆಂದು ಹೇಳಿದ್ದು ಇದೇ ಕಾರಣಕ್ಕೆ. ಬಹಳ ದಿನದಿಂದ ಇಂಥದ್ದನ್ನು ಬಳಸುತ್ತಿರುವವರು ಗಾಬರಿಯಿಂದ ಒಮ್ಮೆಲೇ ನಿಲ್ಲಿಸದೆ, ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಚರ್ಮವೈದ್ಯರಿಗೆ ತೋರಿಸಬೇಕು. ಗರ್ಭಿಣಿಯರು ಟ್ರೆಟಿನಾಯಿನ್ ಮತ್ತು ಹೈಡ್ರೊಕ್ವಿನೋನ್ ಎರಡರಿಂದಲೂ ದೂರವಿರಬೇಕು.

ಮೂರನೆಯ ಹೆಜ್ಜೆ: ಪಟ್ಟಿಯ ಕ್ರಮವನ್ನು ಓದಿ

ಶೇಕಡ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿಯೇ ಬರೆಯಬೇಕು; ಅದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಜೋಡಿಸಬಹುದು. ಹಾಗಾದರೆ ಆ ಒಂದು ಶೇಕಡದ ಗಡಿ ಪಟ್ಟಿಯಲ್ಲಿ ಎಲ್ಲಿದೆಯೆಂದು ತಿಳಿಯುವುದು ಹೇಗೆ? ಫೀನಾಕ್ಸಿಎಥನಾಲ್ ಎಂಬ ಹೆಸರನ್ನು ಹುಡುಕಿ. ಕ್ರೀಮು ಕೆಡದಂತೆ ಕಾಯುವ ಈ ವಸ್ತುವಿಗೆ ಯುರೋಪಿನಲ್ಲಿ ಶೇಕಡ 1ರ ಮಿತಿ ಇದೆ, ಬೇರೆಡೆಯೂ ತಯಾರಕರು ಸಾಮಾನ್ಯವಾಗಿ ಅದನ್ನೇ ಪಾಲಿಸುತ್ತಾರೆ. ಅದರ ನಂತರ ಬರುವ ಪದಾರ್ಥಗಳು ಚಿಟಿಕೆಯಷ್ಟು ಮಾತ್ರ. ಡಬ್ಬಿಯ ಮುಂದೆ ರಾರಾಜಿಸುವ ಕೇಸರಿ ಅನೇಕ ಸಲ ಈ ಗಡಿಯ ಆಚೆಗೆ, ಸುಗಂಧಕ್ಕಿಂತಲೂ ಹಿಂದೆ ಕುಳಿತಿರುತ್ತದೆ. 30 ಗ್ರಾಂಗಿಂತ ಕಡಿಮೆ ತೂಕದ ಕ್ರೀಮು, 60 ಮಿಲಿಲೀಟರಿಗಿಂತ ಕಡಿಮೆ ದ್ರವದ ಪೊಟ್ಟಣಗಳಿಗೆ ಪಟ್ಟಿ ಕಡ್ಡಾಯವಲ್ಲವಾದ್ದರಿಂದ ಚಿಕ್ಕ ಡಬ್ಬಿಯಲ್ಲಿ ಪಟ್ಟಿ ಇಲ್ಲದಿದ್ದರೆ ಅದೇ ಸರಕಿನ ದೊಡ್ಡ ಡಬ್ಬಿಯನ್ನು ನೋಡಬೇಕಾಗುತ್ತದೆ.

ಇದರೊಂದಿಗೆ, ವಸ್ತು ಚರ್ಮದ ಮೇಲೆ ಉಳಿಯುವಂಥದ್ದೋ ತೊಳೆದುಹೋಗುವಂಥದ್ದೋ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಫೇಸ್‌ವಾಷ್‌ನಲ್ಲಿ ತೊಂದರೆ ಕೊಡದ ಪದಾರ್ಥವೇ ರಾತ್ರಿಯಿಡೀ ಮುಖದ ಮೇಲಿರುವ ಕ್ರೀಮಿನಲ್ಲಿ ತೊಂದರೆ ಕೊಡಬಹುದು.

ನಾಲ್ಕನೆಯ ಹೆಜ್ಜೆ: ಅಲರ್ಜಿ ತರುವ ಹೆಸರುಗಳನ್ನು ಗುರುತಿಸಿ

ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಉದ್ದನೆಯ ಹೆಸರು ಇದಕ್ಕೆ ಒಳ್ಳೆಯ ಉದಾಹರಣೆ. ಇದೂ ಸರಕು ಕೆಡದಂತೆ ಕಾಯುವ ವಸ್ತು. ಇದರಿಂದ ಅಲರ್ಜಿಯಾದವರ ಸಂಖ್ಯೆ ಏರಿದ ಮೇಲೆ ಅಮೆರಿಕದ ಚರ್ಮವೈದ್ಯರ ಸಂಘವೊಂದು 2013ರಲ್ಲಿ ಇದನ್ನು ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತು. ಯುರೋಪ್ 2017ರಲ್ಲಿ ಚರ್ಮದ ಮೇಲೆ ಉಳಿಯುವ ಎಲ್ಲ ಸರಕುಗಳಲ್ಲಿಯೂ ಇದನ್ನು ನಿಷೇಧಿಸಿತು. ಡಿಎಂಡಿಎಂ ಹೈಡಾಂಟೊಯಿನ್, ಇಮಿಡಜೊಲಿಡಿನೈಲ್ ಯೂರಿಯಾ, ಡೈಅಜೊಲಿಡಿನೈಲ್ ಯೂರಿಯಾ, ಕ್ವಾಟರ್ನಿಯಂ-15 ಎಂಬವು ನಿಧಾನವಾಗಿ ಫಾರ್ಮಾಲ್ಡಿಹೈಡ್ ಬಿಡುವ ಮೂಲಕ ಸರಕನ್ನು ಕಾಯುತ್ತವೆ. ಫಾರ್ಮಾಲ್ಡಿಹೈಡ್ ಒಗ್ಗದವರು ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕು.

ಫ್ರಾಗ್ರೆನ್ಸ್ ಅಥವಾ ಪರ್ಫಂ ಎಂಬ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಅಡಗಿರಬಹುದು. ಮುಖ ಬೇಗ ಕೆಂಪಾಗುವವರು ಬೇರೇನನ್ನೂ ನೆನಪಿಡಲಾಗದಿದ್ದರೆ ಇದೊಂದು ಪದವಿಲ್ಲದ ಕ್ರೀಮನ್ನು ಆರಿಸಿಕೊಂಡರೂ ಸಾಕು. ಕೂದಲ ಬಣ್ಣದಲ್ಲಿ ಮತ್ತು ಕರಿ ಮೆಹಂದಿಯಲ್ಲಿ ಇರುವ ಪ್ಯಾರಾಫಿನೈಲಿನ್‌ಡಯಮಿನ್ ಇನ್ನೂ ಜೋರಿನದು. ಬರಿಯ ಮದರಂಗಿ ಸೊಪ್ಪು ಕೈಗೆ ಕೊಡುವುದು ಕೆಂಪು ಬಣ್ಣವನ್ನೇ ಹೊರತು ಕಪ್ಪನ್ನಲ್ಲ, ಆದ್ದರಿಂದ ಅರ್ಧ ಗಂಟೆಯಲ್ಲಿ ಕಡುಗಪ್ಪಾಗುವ ಮೆಹಂದಿಯಲ್ಲಿ ಏನೋ ಬೆರೆತಿದೆ ಎಂದೇ ತಿಳಿಯಬೇಕು. ಈ ವಸ್ತುವಿರುವ ಕೂದಲ ಬಣ್ಣದ ಪೊಟ್ಟಣದ ಮೇಲೆ, ಮೊದಲು ಚರ್ಮಕ್ಕೆ ಹಚ್ಚಿ ಪರೀಕ್ಷಿಸಿ ನೋಡಬೇಕೆಂಬ, ಹುಬ್ಬಿಗೂ ರೆಪ್ಪೆಗೂ ಹಚ್ಚಿದರೆ ಕಣ್ಣು ಹೋಗಬಹುದೆಂಬ ಎಚ್ಚರಿಕೆಯನ್ನು ಮುದ್ರಿಸುವುದು ಕಡ್ಡಾಯ.

ಹಣೆಯನ್ನೂ ಮರೆಯುವಂತಿಲ್ಲ. ಅರಿಸಿನದಿಂದ ಮಾಡುತ್ತಿದ್ದ ಕುಂಕುಮದ ಜಾಗಕ್ಕೆ ಕೃತಕ ಬಣ್ಣಗಳದು ಬಂದ ಮೇಲೆ ಬೊಟ್ಟಿನ ಜಾಗ ತುರಿಸಿ ಕಪ್ಪಾಗುವ ತೊಂದರೆ ನಮ್ಮ ಚರ್ಮವೈದ್ಯರಿಗೆ ಚಿರಪರಿಚಿತ. ಸ್ಟಿಕ್ಕರ್ ಬೊಟ್ಟಿನದು ಇದಕ್ಕೆ ತಿರುಗುಮುರುಗು: ಅದರ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಕೆಲವರಲ್ಲಿ ಬಣ್ಣದ ಕೋಶಗಳನ್ನೇ ಕೊಂದು, ಸರಿಯಾಗಿ ಬೊಟ್ಟಿನ ಅಳತೆಗೆ ತೊನ್ನಿನಂಥ ಬಿಳಿ ಕಲೆ ಮೂಡಿಸುತ್ತದೆ. ಬೊಟ್ಟಿನ ಚೀಟಿಯ ಮೇಲೆ ಅಂಟಿನ ವಿವರವನ್ನು ಹುಡುಕಿದರೆ ಸಿಗುವುದು ಕಷ್ಟ. ತುರಿಕೆ ಅಥವಾ ಬಣ್ಣಗೇಡು ಕಂಡ ದಿನವೇ ಅದನ್ನು ಬಿಡುವುದೊಂದೇ ದಾರಿ.

ಇನ್ನು ಪ್ಯಾರಬೆನ್. 2004ರಲ್ಲಿ ಬ್ರಿಟನ್ನಿನ ಸಂಶೋಧಕರು ಸ್ತನದ ಗಡ್ಡೆಯ 20 ಮಾದರಿಗಳಲ್ಲಿ ಇದರ ಅಂಶವನ್ನು ಕಂಡ ಮೇಲೆ ಭಯ ಹಬ್ಬಿತು, ಆದರೆ ಗಡ್ಡೆಗೆ ಅದೇ ಕಾರಣವೆಂದು ಆ ಅಧ್ಯಯನ ತೋರಿಸಿರಲಿಲ್ಲ. ಯುರೋಪ್ 2014ರಲ್ಲಿ ಐಸೊಪ್ರೊಪೈಲ್, ಐಸೊಬ್ಯುಟೈಲ್ ಮೊದಲಾದ ಐದು ಬಗೆಯ ಪ್ಯಾರಬೆನ್‌ಗಳನ್ನು ನಿಷೇಧಿಸಿ, ಮೀಥೈಲ್ ಮತ್ತು ಎಥೈಲ್ ಪ್ಯಾರಬೆನ್‌ಗಳನ್ನು ತಲಾ ಶೇಕಡ 0.4ರವರೆಗೆ ಉಳಿಸಿಕೊಂಡಿತು. ಅಲರ್ಜಿಯ ವಿಷಯದಲ್ಲಂತೂ ಇವು ಎಷ್ಟು ಸಾಧುವೆಂದರೆ, ಮೇಲೆ ಹೇಳಿದ ಅದೇ ಅಮೆರಿಕದ ಸಂಘ 2019ರಲ್ಲಿ ಇವನ್ನು ವರ್ಷದ ‘ಅಲರ್ಜಿಕಾರಕವಲ್ಲದ’ ವಸ್ತುವೆಂದು ಕರೆಯಿತು. ಪ್ಯಾರಬೆನ್ ಇಲ್ಲವೆಂದು ಸಾರುವ ಡಬ್ಬಿಯಲ್ಲಿ ಅದರ ಜಾಗಕ್ಕೆ ಏನು ಬಂದಿದೆಯೆಂದು ನೋಡುವುದು ಆದ್ದರಿಂದ ಹೆಚ್ಚು ಉಪಯುಕ್ತ.

‘ನೈಸರ್ಗಿಕ’ ಎಂಬ ಮಾತಿಗೆ ಇಲ್ಲಿ ಹೆಚ್ಚು ಜಾಗ ಕೊಡಬೇಕಾಗಿಲ್ಲ. ಮಾವಿನಕಾಯಿಯ ಸೊನೆ ತಾಗಿ ತುಟಿ ಸುಟ್ಟುಕೊಂಡವರು, ಹಸಿ ಗೇರುಬೀಜ ಒಡೆದು ಕೈ ಗುಳ್ಳೆಯಾದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೂ ಚರ್ಮ ಸುಟ್ಟು ಕಪ್ಪಾಗುತ್ತದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕಿ ಪದಾರ್ಥದ ಮೂಲ ಸಸ್ಯಾಹಾರಿಯೆಂದಷ್ಟೇ ಹೇಳುತ್ತದೆ.

ಐದನೆಯ ಹೆಜ್ಜೆ: ತೋಳಿನ ಮೇಲೆ ಪರೀಕ್ಷಿಸಿ

ಕೈಯ ಹಿಂಬದಿಗೆ ಒಮ್ಮೆ ಸವರಿ ಹತ್ತು ನಿಮಿಷ ಕಾಯುವುದು ಪರೀಕ್ಷೆಯಲ್ಲ. ಅಲರ್ಜಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು, ಕೆಲವು ಸಲ ಹಲವು ಬಾರಿ ಹಚ್ಚಿದ ಮೇಲಷ್ಟೇ ಕಾಣಿಸುತ್ತದೆ. ಮೊಣಕೈಯ ಒಳಮಡಿಕೆಯ ಹತ್ತಿರ ದೊಡ್ಡ ನಾಣ್ಯದಷ್ಟು ಜಾಗವನ್ನು ಆರಿಸಿಕೊಂಡು, ಮುಖಕ್ಕೆ ಹಚ್ಚುವಷ್ಟೇ ದಪ್ಪಗೆ, ದಿನಕ್ಕೆ ಎರಡು ಸಲ, ಒಂದು ವಾರ ಹಚ್ಚಿ. ಕೆಂಪಾಗಲಿಲ್ಲ, ತುರಿಸಲಿಲ್ಲ, ಗುಳ್ಳೆ ಏಳಲಿಲ್ಲ ಎಂದಾದರೆ ಮುಖಕ್ಕೆ ಬಳಸಬಹುದು. ಫೇಸ್‌ವಾಷ್ ಮತ್ತು ಶ್ಯಾಂಪೂಗಳನ್ನು ತೊಳೆಯದೆ ಹೀಗೆ ಬಿಡಬಾರದು. ಅವು ಯಾರ ಚರ್ಮವನ್ನಾದರೂ ಕೆರಳಿಸುತ್ತವೆ. ಕೂದಲ ಬಣ್ಣವನ್ನು ಅದರ ಪೆಟ್ಟಿಗೆಯಲ್ಲಿ ಕೊಟ್ಟ ಸೂಚನೆಯಂತೆಯೇ ಪರೀಕ್ಷಿಸಬೇಕು, ಹಿಂದೆ ಅದರಿಂದ ಒಮ್ಮೆ ಊದಿಕೊಂಡವರು ಪರೀಕ್ಷಿಸಲೂ ಹೋಗಬಾರದು. ಹೊಸ ಸರಕುಗಳನ್ನು ಒಂದೊಂದಾಗಿ ಆರಂಭಿಸಿದರೆ ತಪ್ಪಿತಸ್ಥ ಯಾವುದೆಂದು ಗೊತ್ತಾಗುತ್ತದೆ. ಮದುವೆಯ ಹಿಂದಿನ ವಾರ ನಾಲ್ಕು ಹೊಸ ಡಬ್ಬಿಗಳನ್ನು ಒಟ್ಟಿಗೆ ತೆರೆಯುವ ರೂಢಿಯಲ್ಲಿ ಅದು ಸಾಧ್ಯವಿಲ್ಲ.

ಆಗಲೂ ಕಾರಣ ಸಿಗದಿದ್ದರೆ ಚರ್ಮವೈದ್ಯರು ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಶಂಕಿತ ವಸ್ತುಗಳನ್ನು ಬೆನ್ನಿಗೆ ಅಂಟಿಸಿ ಎರಡು ದಿನ ಬಿಟ್ಟು, ತೆಗೆದ ಮೇಲೆ ಒಮ್ಮೆ, ಅದಾಗಿ ಎರಡು ದಿನಕ್ಕೆ ಇನ್ನೊಮ್ಮೆ ನೋಡುತ್ತಾರೆ. ಅದರಲ್ಲಿ ಖಚಿತವಾದ ಹೆಸರನ್ನು ಮುಂದೆ ಪ್ರತಿ ಡಬ್ಬಿಯ ಹಿಂಬದಿಯಲ್ಲಿ ಹುಡುಕುವುದು ಸುಲಭ.

ತೊಂದರೆಯಾದಾಗ ಸಿಟ್ಟಿನಿಂದ ಡಬ್ಬಿಯನ್ನು ಕಸಕ್ಕೆ ಎಸೆಯುವವರೇ ಹೆಚ್ಚು. ಹಾಗೆ ಮಾಡದೆ, ಉಳಿದ ಕ್ರೀಮು, ರಟ್ಟಿನ ಪೆಟ್ಟಿಗೆ, ಬಿಲ್ಲು ಮೂರನ್ನೂ ಎತ್ತಿಡಿ. ಕಾಯ್ದೆಯ 26ನೆಯ ಸೆಕ್ಷನ್ನಿನ ಪ್ರಕಾರ, ತಾನು ಕೊಂಡ ಔಷಧವನ್ನಾಗಲಿ ಸೌಂದರ್ಯವರ್ಧಕವನ್ನಾಗಲಿ ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷಿಸಿಕೊಂಡು ಸಹಿಯಿರುವ ವರದಿ ಪಡೆಯುವ ಹಕ್ಕು ಯಾವುದೇ ವ್ಯಕ್ತಿಗೆ ಇದೆ. ಪಾದರಸದ ಸಂಶಯವಿದ್ದರೆ ಡಬ್ಬಿಯನ್ನು ಮುಚ್ಚಳ ಬಿಗಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಮುಖ ಒರೆಸಿಕೊಳ್ಳುತ್ತಿದ್ದ ಟವೆಲ್ಲನ್ನು ಮನೆಯ ಬೇರೆಯವರು ಬಳಸದಂತೆ ಪ್ರತ್ಯೇಕಿಸಿ, ವೈದ್ಯರಲ್ಲಿಗೆ ಹೋದಾಗ ಮೂತ್ರ ಪರೀಕ್ಷೆಯ ವಿಷಯವನ್ನು ನೀವಾಗಿಯೇ ಕೇಳಿ.