ಹೆರಿಗೆ ಕೋಣೆಯಲ್ಲಿ ಹೊತ್ತು ಬರೆದಿಟ್ಟ ಮೇಲೆ: ನನ್ನ ಅನುಭವ

"ಮೈಬಣ್ಣ ನೋಡಿ ಆರೈಕೆ ಮಾಡುವವರು ನಮ್ಮಲ್ಲಿ ಯಾರೂ ಇಲ್ಲ" ಎಂದು ನಮ್ಮ ಹೆರಿಗೆ ವಾರ್ಡಿನ ಸಿಬ್ಬಂದಿಯೆಲ್ಲರೂ ಮನಸಾರೆ ನಂಬಿದ್ದರು. ಅವರೊಂದಿಗೆ ವಾದ ಮಾಡುವುದನ್ನು ಬಿಟ್ಟು ಕೇಸ್ ಶೀಟಿಗೆ ಎರಡು ಕಾಲಂ ಸೇರಿಸಿದೆ: ನೋವಿಗೆ ಔಷಧಿ ಕೇಳಿದ ಹೊತ್ತು, ಕೊಟ್ಟ ಹೊತ್ತು.

ಅದಕ್ಕೂ ಮೊದಲು ಈ ಭೇದಭಾವದ ಬಗ್ಗೆ ತಿಳಿಹೇಳಲು ಹೊರಗಿನ ತರಬೇತುದಾರರು ಬಂದು ಹೋಗಿದ್ದರು. ವರ್ಷದ ತರಬೇತಿ ಹಣದಲ್ಲಿ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯಿತು, ಎರಡು ವಾರಕ್ಕೆ ಎಲ್ಲವೂ ಹಳೆಯ ಹಾದಿಗೆ ಬಂತು. ದೂರು ಪೆಟ್ಟಿಗೆ ಖಾಲಿಯೇ ಉಳಿಯಿತು. ಇನ್ನೂ ನಮ್ಮ ಕೈಯಲ್ಲೇ ಇರುವ ಬಾಣಂತಿ ನಮ್ಮ ಮೇಲೆ ದೂರು ಬರೆಯುವುದುಂಟೇ?

ಕಾಲಂಗಳೂ ಮೊದಲು ಸೋತವು. ಪಾಳಿ ಮುಗಿಯುವಾಗ ನೆನಪಿನಿಂದ ತುಂಬುತ್ತಿದ್ದರಿಂದ ಎಲ್ಲರ ಹೊತ್ತೂ ಒಂದೇ. ಆಗ ಹಾಳೆ, ಪೆನ್ನು ಎರಡನ್ನೂ ಹೆರಿಗೆಯ ಜೊತೆಗಾರರ ಕೈಗೆ ಕೊಟ್ಟೆ. ಬಯಸಿದ ಜೊತೆಗಾರರು ಪಕ್ಕದಲ್ಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸಿನಲ್ಲೇ ಇದೆ. "ಉತ್ಪ್ರೇಕ್ಷೆ ಮಾಡಿ ಬರೆಯುತ್ತಾರೆ" ಎಂದರು ಹಿರಿಯರು. ಔಷಧಿ ರಿಜಿಸ್ಟರಿಗೆ ಹೋಲಿಸಿದಾಗ ಕೊಟ್ಟ ಹೊತ್ತು ಬಹುಪಾಲು ತಾಳೆಯಾಯಿತು. ಆಸ್ಪತ್ರೆಯ ಭಾಷೆ ಬಲ್ಲ ಬಿಳಿಯ ಹೆಂಗಸರು ಸುಮಾರು ಇಪ್ಪತ್ತು ನಿಮಿಷ ಕಾದಿದ್ದರೆ, ಕಪ್ಪು ವರ್ಣದವರು ಹೆಚ್ಚುಕಡಿಮೆ ಅದರ ಎರಡರಷ್ಟು ಕಾದಿದ್ದರು. ಪಾಳಿವಾರು ಅಂಕಿಗಳನ್ನಷ್ಟೇ ಗೋಡೆಗೆ ಹಚ್ಚಿದೆ, ಯಾರ ಹೆಸರನ್ನೂ ಹಾಕಲಿಲ್ಲ. ಕೆಲವೇ ತಿಂಗಳಲ್ಲಿ ಅಂತರ ಐದಾರು ನಿಮಿಷಕ್ಕೆ ಇಳಿಯಿತು. ಯಾವ ತರಬೇತಿಯಿಂದಲೂ ಆಗದ್ದು ಈ ಹಾಳೆಯಿಂದ ಆಯಿತು ಎಂದು ಧೈರ್ಯವಾಗಿ ಹೇಳುತ್ತೇನೆ. ಮುಖ್ಯ ವೈದ್ಯರು ಅದನ್ನು ಪ್ರತಿ ವಾರ ಓದುವಂತೆ ಮಾಡಿದ ಉಪಾಯವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ನಡುವೆ ಇನ್ನೊಂದು ಪ್ರಯತ್ನಕ್ಕೂ ಕೈ ಹಾಕಿದೆ. ಹುಟ್ಟಿದ ಕೂಡಲೇ ಕೂಸಿನ ಸ್ಥಿತಿ ಅಳೆಯುವ ಅಪ್ಗಾರ್ ಅಂಕದಲ್ಲಿ ಮೈಯೆಲ್ಲ ಗುಲಾಬಿಯಾಗಿದ್ದರೆ ಎರಡು ಅಂಕ. ಕಪ್ಪು ಮೈಯ ಕೂಸಿಗೆ ಈ ಮಾತು ಹೇಗೆ ಹೊಂದೀತು? ನಾಲಿಗೆ, ಬಾಯಿಯ ಒಳಭಾಗ ನೋಡುವುದನ್ನು ರೂಢಿ ಮಾಡಿಸಿದೆ. ಕಾಮಾಲೆಯ ಅನುಮಾನವಿದ್ದರೆ ಕಣ್ಣಂದಾಜು ಬಿಟ್ಟು, ಮೈ ಹಳದಿಯಾಗಿಸುವ ಬಿಲಿರುಬಿನ್ ಅಂಶವನ್ನು ಅಳೆಯುತ್ತೇವೆ. ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಕಪ್ಪು ಚರ್ಮದ ಮೇಲೆ ಇದ್ದುದಕ್ಕಿಂತ ಹೆಚ್ಚು ತೋರಿಸುವುದುಂಟು. ತಾಯಿ ಉಸಿರು ಕಟ್ಟುತ್ತಿದೆ ಎಂದರೆ ಯಂತ್ರಕ್ಕಿಂತ ಮೊದಲು ಆಕೆಯನ್ನು ನಂಬುತ್ತೇನೆ. ಬ್ರಿಟನ್ನಿನ ವರದಿಗಳಲ್ಲಿ ಕಪ್ಪು ತಾಯಂದಿರ ಸಾವಿನ ಪ್ರಮಾಣ ಬಿಳಿಯರ ಎರಡು ಪಟ್ಟಿಗೂ ಮಿಕ್ಕಿರುವಾಗ ಈ ಮಾತನ್ನು ಸಡಿಲ ಬಿಡಲಾರೆ.

ಮರುವರ್ಷದ ತರಬೇತಿ ಹಣವನ್ನು ಫೋನ್ ದುಭಾಷಿಗಳಿಗೆ ತಿರುಗಿಸಿದೆವು. ಬಿಲ್ಲು ಕಟ್ಟಲಾಗದು ಎಂದು ಆಡಳಿತದವರು ಹೆದರಿದ್ದರು. ಬಂದದ್ದು ತರಬೇತುದಾರರ ಸಂಭಾವನೆಯ ಅರ್ಧದಷ್ಟು. ಒಳಪರೀಕ್ಷೆಗೆ ಮುನ್ನ ಒಪ್ಪಿಗೆ ಕೇಳುವಾಗ ಗಂಡನನ್ನೋ ದೊಡ್ಡ ಮಗಳನ್ನೋ ಅನುವಾದಕ್ಕೆ ನಿಲ್ಲಿಸುವುದು ತಪ್ಪಿತು. ರಾತ್ರಿ ಪಾಳಿಯಲ್ಲಿ ದುಭಾಷಿ ಸಿಗುವುದು ಇನ್ನೂ ಕಷ್ಟ. ಅಂತರ ಈಗಲೂ ಉಳಿದಿರುವುದು ಆ ಪಾಳಿಯಲ್ಲೇ.