ರಸ್ತೆ ನಡುವೆ ಬಾವಿ ತೋಡಿದ ಪ್ರೋಗ್ರಾಂ

ಒಂಬತ್ತು ಕಿಲೋಮೀಟರ್ ರಸ್ತೆ. 30 ಮೀಟರಿಗೊಂದು ಕ್ರಾಸ್ ಸೆಕ್ಷನ್ (ರಸ್ತೆಯನ್ನು ಅಡ್ಡಲಾಗಿ ಕೊಯ್ದರೆ ಕಾಣುವ ನಕ್ಷೆ) ಅಂದ್ರೆ ಒಟ್ಟು 301. ಒಂದಕ್ಕೆ ಎಂಟು ನಿಮಿಷ ಹಿಡಿದರೂ ನಲವತ್ತು ತಾಸು. ಜೇವರ್ಗಿ ಕಡೆಯ ಎರೆ ಭೂಮಿಯ ಆ ರಸ್ತೆಯನ್ನು ಐದು ದಿನ ಕುಂತು ಆಟೋಕ್ಯಾಡ್‌ನಲ್ಲಿ ಬರೆದು ಮುಗಿಸಿ, ಪ್ಲಾಟ್ ತೆಗೆದು ಮೇಜಿನ ಮೇಲಿಟ್ಟೆ. ಸಾಹೇಬರು ಚಹಾ ಕುಡೀತಾ ಹೇಳಿದ್ದು ಇಷ್ಟೇ: "ನಾಲಾ ಹತ್ರ ಮಳಿಗಾಲದಾಗ ನೀರು ಏರ್ತದಂತ್ರಿ. ಆ ಎರಡು ಕಿಲೋಮೀಟರ್ ಫಾರ್ಮೇಷನ್ 300 ಎಂಎಂ ಮ್ಯಾಲ ತಗೋರಿ."

ಅವರಿಗೆ ಒಂದು ಮಾತು, ನನಗೆ 67 ಸೆಕ್ಷನ್. ಫಾರ್ಮೇಷನ್ ಅಂದ್ರೆ ರಸ್ತೆ ಕೂರುವ ಮಣ್ಣಿನ ಏರಿಯ ಮೇಲ್ಮಟ್ಟ. ಆ ಮೇಲಿನ ಗೆರೆ ಎತ್ತಿದರೆ ಮುಗೀಲಿಲ್ಲ. ಬದುವಿನ ಇಳಿಜಾರು 1ಕ್ಕೆ 2 ಇದ್ದರೆ, 300 ಎಂಎಂ ಎತ್ತರಿಸಿದಾಗ ಅದರ ಬುಡ ಸಮತಟ್ಟು ನೆಲದಲ್ಲೇ 600 ಎಂಎಂ ಆಚೆ ಸರಿಯುತ್ತದೆ. ನೆಲ ಏರುಪೇರಿದ್ದರೆ ಎಲ್ಲಿ ತಾಗುತ್ತದೋ ಹುಡುಕಬೇಕು. ಒಳಗೆ ತುಂಬಿದ ಹ್ಯಾಚ್ ಗೆರೆ ಅಳಿಸಿ ಮತ್ತೆ ಹಾಕಬೇಕು, ಏರಿಯಾ ಓದಿ ಎಕ್ಸೆಲ್‌ಗೆ ಹೊಡೀಬೇಕು. ಅವತ್ತು ರಾತ್ರಿ ಸೇಡಂ ರಸ್ತೆಯ ರೂಮಿಗೆ ಬಂದವನೇ ಊಟ ಬಿಟ್ಟು, ಆಟೋಕ್ಯಾಡ್‌ಗೆ ಕೆಲಸ ಹೇಳುವ ಪ್ರೋಗ್ರಾಂ ಭಾಷೆಯಾದ ಆಟೋಲಿಸ್ಪ್‌ನ ಪುಟ ತೆರೆದೆ.

ನಾನು ಓದಿದ್ದು ಸಿವಿಲ್ ಡಿಪ್ಲೊಮಾ, ಪ್ರೋಗ್ರಾಮಿಂಗ್ ಅಲ್ಲ. ರಸ್ತೆ ಡಿಸೈನಿಗೆಂದೇ ಇರುವ ದೊಡ್ಡ ಸಾಫ್ಟ್‌ವೇರ್‌ಗಳು ಇದನ್ನೆಲ್ಲ ತಾವೇ ಮಾಡುತ್ತವೆ ಅಂತ ಗೊತ್ತಿತ್ತು. ನಮ್ಮ ಸಣ್ಣ ಆಫೀಸಿಗೆ ಅವುಗಳ ಲೈಸೆನ್ಸ್ ಕೈಗೆ ಎಟುಕುವಂಥದ್ದಲ್ಲ. ಆದರೆ ನಮ್ಮಲ್ಲಿದ್ದ ಆಟೋಕ್ಯಾಡ್‌ನೊಳಗೇ 1986ರಿಂದ ಈ ಭಾಷೆ ಕೂತಿದೆ, ಬೇರೆ ದುಡ್ಡು ಕೊಡಬೇಕಾಗಿಲ್ಲ. ಆಗ ಆಟೋಕ್ಯಾಡ್‌ನ ಅಗ್ಗದ ಎಲ್‌ಟಿ ಆವೃತ್ತಿಯಲ್ಲಿ ಇದು ಇರಲಿಲ್ಲ, 2024ರ ಎಲ್‌ಟಿಯಲ್ಲಷ್ಟೇ ಬಂತು. ನಮ್ಮದು ಪೂರ್ತಿ ಆವೃತ್ತಿ ಆಗಿದ್ದು ನನ್ನ ಪುಣ್ಯ.

ಅದಕ್ಕೆ ಮುಂಚೆ ಒಮ್ಮೆ ಮಾತ್ರ ಈ ಭಾಷೆಗೆ ಕೈ ಹಾಕಿದ್ದೆ. 2014ರ ನವೆಂಬರ್ 1ಕ್ಕೆ ಗುಲ್ಬರ್ಗಾ ಹೋಗಿ ಕಲಬುರಗಿ ಆಯ್ತಲ್ಲ, ಚಾಲ್ತಿಯಲ್ಲಿದ್ದ ಎಲ್ಲ ಡ್ರಾಯಿಂಗ್‌ಗಳ ಟೈಟಲ್ ಬ್ಲಾಕ್ ತಿದ್ದಬೇಕಿತ್ತು. ಹನ್ನೆರಡು ಸಾಲಿನ ಪ್ರೋಗ್ರಾಂ ಬರೆದೆ: ಟೆಕ್ಸ್ಟ್ ಹುಡುಕು, ಹಳೇ ಹೆಸರಿದ್ದರೆ ಹೊಸದು ಹಾಕು. ಒಂದು ಸ್ಕ್ರಿಪ್ಟ್ ಫೈಲು ಒಂದೊಂದೇ ಡ್ರಾಯಿಂಗ್ ತೆರೆದು, ಓಡಿಸಿ, ಸೇವ್ ಮಾಡಿ ಮುಚ್ಚುತ್ತಿತ್ತು. ಕೈಕಟ್ಟಿ ನೋಡ್ತಾ ಕೂತಿದ್ದೆ, ರಾಜನ ಹಾಗೆ. ಮರುದಿನ ನೋಡಿದರೆ ಒಂದು ಲೇಔಟ್ ನಕ್ಷೆಯಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವೂ ಕಲಬುರಗಿ ವಿಶ್ವವಿದ್ಯಾಲಯ ಆಗಿಬಿಟ್ಟಿತ್ತು! ಊರಿನ ಹೆಸರು ಬದಲಾದರೂ ವಿಶ್ವವಿದ್ಯಾಲಯದ್ದು ಬದಲಾಗಿಲ್ಲ. ಕೈಯಲ್ಲಿ ತಿದ್ದುತ್ತಿದ್ದರೆ ಅಲ್ಲಿ ಬೆರಳು ತಾನಾಗೇ ನಿಲ್ಲುತ್ತಿತ್ತು. ನಗಾಡಿ ಬಿಟ್ಟೆ. ಆಗಲೇ ಪಾಠ ಕಲೀಬೇಕಿತ್ತು.

ಈಗ ಕ್ರಾಸ್ ಸೆಕ್ಷನ್ನಿಗೆ ಬಂದರೆ, ಲೆಕ್ಕ ಸುಲಭ. ಫೈಲಿನಿಂದ ಚೈನೇಜ್ (ರಸ್ತೆ ಶುರುವಿನಿಂದ ದೂರ), ಮಧ್ಯದಿಂದ ಎಡಬಲ ದೂರ, ಆರ್‌ಎಲ್ (ಆ ಬಿಂದುವಿನ ಮಟ್ಟ) ಓದು. ನೆಲದ ಗೆರೆ ಎಳೆ. ಫಾರ್ಮೇಷನ್ ಗೆರೆ ಎಳೆ. ಎರಡೂ ಕಡೆ ಇಳಿಜಾರು ಬಿಟ್ಟು ನೆಲಕ್ಕೆ ತಾಗಿಸು. ನಡುವಿನ ಏರಿಯಾ ಬರೆ. ಮೊದಲ ಸಲ ಓಡಿಸಿದಾಗ ಇಳಿಜಾರು ಕೆಳಗೆ ಇಳಿಯಲೇ ಇಲ್ಲ, ಮಟ್ಟಸವಾಗಿ ಆಚೆ ಹೊರಟುಹೋಯ್ತು. ಎರಡು ದಿನ ತಲೆ ಕೆರೆದುಕೊಂಡೆ. ಇಳಿಜಾರಿಗೆ ನಾನು (/ 1 2) ಅಂತ ಬರೆದಿದ್ದೆ. ಆಟೋಲಿಸ್ಪ್‌ನಲ್ಲಿ ಎರಡು ಪೂರ್ಣಾಂಕ ಭಾಗಿಸಿದರೆ ಉತ್ತರವೂ ಪೂರ್ಣಾಂಕ. ಒಂದನ್ನು ಎರಡರಿಂದ ಭಾಗಿಸಿದರೆ ಸೊನ್ನೆ! ಒಂದರ ಮುಂದೆ ಚುಕ್ಕಿ ಇಟ್ಟು ಸೊನ್ನೆ ಹಾಕಿ 1.0 ಮಾಡಿದೆ, ಬದು ಇಳೀತು.

ಇದಕ್ಕಿಂತ ಕಾಡಿದ್ದು ಇನ್ನೊಂದು. ಝೂಮ್ ಮಾಡಿಕೊಂಡು ಓಡಿಸಿದರೆ ಸೆಕ್ಷನ್ ಸರಿ ಬರುತ್ತಿತ್ತು. ಇಡೀ ಹಾಳೆ ಕಾಣೋ ಹಾಗೆ ದೂರ ನಿಂತು ಓಡಿಸಿದರೆ ಅಲ್ಲಲ್ಲಿ ಒಂದು ಬಿಂದು ಪಕ್ಕದ್ದಕ್ಕೆ ಅಂಟಿಕೊಳ್ಳುತ್ತಿತ್ತು. ಅದೇ ಫೈಲು, ಅದೇ ಅಂಕಿ. ದೆವ್ವ ಹೊಕ್ಕಿದೆ ಅಂತಲೇ ಅನ್ನಿಸಿತ್ತು. ಕಾರಣ ಆಬ್ಜೆಕ್ಟ್ ಸ್ನ್ಯಾಪ್. ಪ್ರೋಗ್ರಾಂ ಕೊಡುವ ಬಿಂದುವನ್ನೂ ಆಟೋಕ್ಯಾಡ್ ಮೌಸ್ ಕ್ಲಿಕ್ಕಿನಂತೆಯೇ ನೋಡಿ, ಪರದೆಯ ಮೇಲೆ ಹತ್ತಿರ ಯಾವ ತುದಿ ಇದೆಯೋ ಅದಕ್ಕೆ ಎಳೆದುಕೊಳ್ಳುತ್ತದೆ. ದೂರದಿಂದ ನೋಡಿದಾಗ ಎಲ್ಲವೂ ಹತ್ತಿರವೇ ತಾನೆ. ಶುರುವಿನಲ್ಲಿ ಸ್ನ್ಯಾಪ್ ನಿಯಂತ್ರಿಸುವ ಓಎಸ್‌ಮೋಡ್ ಬೆಲೆ ನೆನಪಿಟ್ಟು ಸೊನ್ನೆ ಮಾಡಿ, ಕೊನೆಗೆ ಮರಳಿಸಬೇಕು. ನಡುವೆ ಯಾರಾದರೂ ಎಸ್ಕೇಪ್ ಒತ್ತಿದರೂ ಮರಳುವ ಹಾಗೆ ಎರರ್ ಫಂಕ್ಷನ್‌ನಲ್ಲೂ ಬರೀಬೇಕು. ಅದನ್ನು ಬರೆಯದೇ ಇದ್ದ ಒಂದು ವಾರ, ಪಕ್ಕದ ಮೇಜಿನವರ ಸ್ನ್ಯಾಪ್ ಕೆಟ್ಟಾಗಲೆಲ್ಲ ಬೈಗುಳ ನನಗೆ.

ಅಂತೂ ಓಡಿತು. 301 ಸೆಕ್ಷನ್ ಹತ್ತು ನಿಮಿಷದೊಳಗೆ. ಎಲ್ಲರನ್ನೂ ಕರೆದು ತೋರಿಸಿದೆ. ಸಾಹೇಬರು ಏರಿಯಾ ಪಟ್ಟಿ ನೋಡಿ, "ಇದೇನ್ರಿ, ರಸ್ತೆ ನಡುವ ಬಾವಿ ತೋಡೀರಿ?" ಅಂದರು. ಒಂದು ಬಿಂದುವಿನ ಆರ್‌ಎಲ್ 391.635 ಇರಬೇಕಾದಲ್ಲಿ 319.635 ಅಂತ ನಾನೇ ಟೈಪ್ ಮಾಡಿದ್ದೆ. ಪ್ರೋಗ್ರಾಂ ಮರ್ಯಾದೆಯಿಂದ 72 ಮೀಟರ್ ಆಳಕ್ಕೆ ಇಳಿದು, ಮೇಲೆ ಬಂದು, ಅಷ್ಟಕ್ಕೂ ಮಣ್ಣು ತುಂಬಿಸಿ ಏರಿಯಾ ಬರೆದಿತ್ತು.

ನಗು ಅಲ್ಲಿಗೆ ಮುಗೀತು. ಭಯ ಆಮೇಲೆ ಶುರುವಾಯ್ತು. 72 ಮೀಟರ್ ತಪ್ಪಾದರೆ ಕಣ್ಣಿಗೆ ಬೀಳುತ್ತದೆ. 391.635ರ ಬದಲು 391.365 ಆಗಿದ್ದರೆ? 27 ಸೆಂಟಿಮೀಟರ್, ಯಾರೂ ನೋಡುತ್ತಿರಲಿಲ್ಲ. ಅಷ್ಟು ವರ್ಷ ನಾನು ಬರೀ ಗೆರೆ ಎಳೀತಿದ್ದೀನಿ ಅಂದುಕೊಂಡಿದ್ದೆ. ಎಳೆಯುವಾಗ ಹಿಂದಿನ ಸೆಕ್ಷನ್ ನೆನೆದು, ಲೆವೆಲ್ ಬುಕ್ ಕಡೆ ಕಣ್ಣು ಹಾಯಿಸಿ, "ಇದು ಹಿಂಗ್ಯಾಕ ಅದ?" ಅಂತ ಕೇಳಿಕೊಳ್ಳುತ್ತಿದ್ದೆ ಅನ್ನೋದು ನನಗೇ ಗೊತ್ತಿರಲಿಲ್ಲ. ಆ ಕೇಳುವ ಕೆಲಸವನ್ನು ಪ್ರೋಗ್ರಾಮಿಗೆ ಕೊಟ್ಟಿರಲೇ ಇಲ್ಲ.

ಹಾಗಾಗಿ ಒಂದು ಹೆಜ್ಜೆ ಹಿಂದಕ್ಕೆ ಹೋದೆ. ಆರ್‌ಎಲ್ ಟೈಪ್ ಮಾಡೋದನ್ನೇ ನಿಲ್ಲಿಸಿ, ಸ್ಟಾಫ್ (ಬಿಂದುವಿನ ಮೇಲೆ ನಿಲ್ಲಿಸುವ ಅಳತೆ ಕೋಲು) ರೀಡಿಂಗ್‌ಗಳನ್ನೇ ಹಾಕತೊಡಗಿದೆ. ಉಪಕರಣದ ಎತ್ತರದಿಂದ ರೀಡಿಂಗ್ ಕಳೆದು ಆರ್‌ಎಲ್ ತೆಗೆಯೋದು ಪ್ರೋಗ್ರಾಮಿನ ಕೆಲಸ. ಬ್ಯಾಕ್ ಸೈಟ್‌ಗಳ (ಉಪಕರಣ ಇಟ್ಟ ಮೇಲಿನ ಮೊದಲ ರೀಡಿಂಗ್) ಮೊತ್ತದಿಂದ ಫೋರ್ ಸೈಟ್‌ಗಳ (ಅದನ್ನು ಎತ್ತುವ ಮುಂಚಿನ ಕೊನೆಯದು) ಮೊತ್ತ ಕಳೆದರೆ ಕೊನೆ ಮತ್ತು ಮೊದಲ ಆರ್‌ಎಲ್‌ಗಳ ವ್ಯತ್ಯಾಸ ಬರಬೇಕು ಅನ್ನೋ ತಾಳೆ ಡಿಪ್ಲೊಮಾದಲ್ಲೇ ಕಲಿತಿದ್ದೆ. ಆದರೆ ಈ ಪದ್ಧತಿಯಲ್ಲಿ ಇಂಟರ್‌ಮೀಡಿಯೆಟ್ ಸೈಟ್ (ಇವೆರಡರ ನಡುವಿನ ರೀಡಿಂಗ್) ಆ ತಾಳೆಗೆ ಸಿಗೋದಿಲ್ಲ, ಕ್ರಾಸ್ ಸೆಕ್ಷನ್ನಿನ ಬಿಂದುಗಳೋ ಹೆಚ್ಚುಪಾಲು ಇಂಟರ್‌ಮೀಡಿಯೆಟ್ಟೇ. ಅವನ್ನು ಇಬ್ಬರು ಬೇರೆಬೇರೆ ಟೈಪ್ ಮಾಡೋದು, ಎರಡು ಫೈಲು ಹೋಲಿಸೋದು ಅಂತ ನಿಯಮ ಮಾಡಿಕೊಂಡೆವು. ಜೊತೆಗೆ ಪಕ್ಕಪಕ್ಕದ ಬಿಂದುಗಳಲ್ಲಿ ಎತ್ತರದಲ್ಲಿ ಎರಡು ಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಪ್ರೋಗ್ರಾಂ ನಿಂತು ಕೇಳುತ್ತದೆ: ತಪ್ಪೋ, ಸರಿಯೋ?

ಗೆರೆ ಎಳೆಯುವ ಭಾಗ ಇವತ್ತಿಗೂ ಎರಡು ಪುಟ ದಾಟಿಲ್ಲ. ಕೇಳುವ ಭಾಗ ಐದು ಪುಟ.

ಹೋದ ಬೇಸಿಗೆಯಲ್ಲಿ ಶಹಾಬಾದ್ ಕಡೆಯ ಒಂದು ರಸ್ತೆ ಬಂತು. ಓಡಿಸಿದೆ, ನಿಂತಿತು. ಬಲಕ್ಕೆ ಒಂಬತ್ತು ಮೀಟರ್ ದೂರದ ಬಿಂದು ಏಳು ಮೀಟರ್ ಕೆಳಗಿದೆ ಅಂತು. ಮತ್ತೆ ಬಾವಿ! ಎರಡು ಫೈಲೂ ತಾಳೆಯಾಗುತ್ತಿದ್ದವು. ಸರ್ವೇ ಹುಡುಗನೇ ಮೊದಲೇ ತಪ್ಪು ಬರೆದಿರಬೇಕು ಅಂದುಕೊಂಡು 'ತಪ್ಪು' ಒತ್ತಲು ಬೆರಳು ಇಟ್ಟವನು, ಯಾಕೋ ಫೋನ್ ಮಾಡಿದೆ.

"ತಪ್ಪಲ್ರಿ ಸರ್," ಅಂದ. "ಅಲ್ಲಿ ಹಳೇ ಫರ್ಸಿ ಖಣಿ ಅದ. ಕಲ್ಲು ತೆಗದು ಹಂಗೇ ಬಿಟ್ಟಾರ. ಸ್ಟಾಫ್ ಹಿಡಕೊಂಡು ಇಳಿಯೋದರಾಗ ನಾ ಬೀಳಬೇಕಿತ್ತು."

ಈಗ ಪ್ರೋಗ್ರಾಮಿನಲ್ಲಿ ಮೂರನೇ ಉತ್ತರವೊಂದಿದೆ: ಸೈಟಿಗೆ ಫೋನ್ ಮಾಡು.